ಮುಮ್ಮಡಿ ಕೃಷ್ಣರಾಜ ಒಡೆಯರು ಮತ್ತು ಅವರ ಚದುರಂಗ

ಚೆನ್ನೈ ಪಟ್ಟಣದಲ್ಲಿ ಬೆಳೆಯುವ ಮಕ್ಕಳಿಗೆ ಚದುರಂಗವನ್ನು ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. ವಿಶ್ವನಾಥನ್ ಆನಂದರು ಆಡಿ ಬೆಳೆದ ಊರು ಇದು. 2022ರಲ್ಲಿ ಲೋಕದ ತಂಡಗಳೆಲ್ಲ ಬಂದು ಚದುರಂಗದ ಒಲಿಂಪಿಯಾಡ್ ಆಡಿದುದು ಇಲ್ಲಿಗೆ ಹತ್ತಿರದ ಮಾಮಲ್ಲಪುರದಲ್ಲಿಯೇ. ವೇಲಚೇರಿಯ ಎಷ್ಟೋ ಮನೆಗಳಲ್ಲಿ ಸಂಜೆಯ ಹೊತ್ತು ಹಲಗೆ ಹರಡಿರುವುದನ್ನು ನಾವು ನೋಡಿದ್ದೇವೆ. ಆದರೆ ಈ ಆಟದಲ್ಲಿ ಅಪಾರವಾದ ಪರಿಶ್ರಮವಿದ್ದ ಅರಸರೊಬ್ಬರು ಕನ್ನಡ ನಾಡಿನಲ್ಲಿ ಆಗಿಹೋದರೆಂಬ ಸಂಗತಿ ನಮ್ಮ ಮಕ್ಕಳಲ್ಲಿ ಬಹುಮಂದಿಗೆ ತಿಳಿಯದು. ಮೈಸೂರು ಸೀಮೆಯಿಂದ ಬಂದು ಈ ಊರಿನಲ್ಲಿ ಕನ್ನಡ ಕಲಿಸುತ್ತಿರುವ ನಾವು ಅದನ್ನು ಹೇಳದೆ ಬಿಟ್ಟರೆ ಮತ್ತಾರು ಹೇಳಬೇಕು?

ಮುಮ್ಮಡಿ ಕೃಷ್ಣರಾಜ ಒಡೆಯರು 1794ನೆಯ ಇಸವಿ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಜನಿಸಿದರು. ಮಗುವಿಗೆ ಎರಡು ವರ್ಷವಾಗುವಷ್ಟರಲ್ಲಿ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಆಗ ರಾಜ್ಯವು ಟಿಪ್ಪು ಸುಲ್ತಾನನ ಕೈಯಲ್ಲಿತ್ತು. ಒಡೆಯರ ಮನೆತನಕ್ಕೆ ಉಳಿದಿದ್ದುದು ಹೆಸರು ಮಾತ್ರ. 1799ರ ಮೇ 4ರಂದು ಕೋಟೆ ಬಿದ್ದು ಸುಲ್ತಾನನು ಮಡಿದ ಮೇಲೆ ಇಂಗ್ಲಿಷರು ರಾಜ್ಯವನ್ನು ಹಂಚಿ, ಉಳಿದ ಭಾಗವನ್ನು ಈ ಬಾಲಕನಿಗೆ ಒಪ್ಪಿಸಿದರು. ಜೂನ್ 30ರಂದು ಮೈಸೂರಿನಲ್ಲಿ ಪಟ್ಟವಾದಾಗ ಅರಸರಿಗೆ ಐದು ವರ್ಷ ತುಂಬಲು ಇನ್ನೂ ಎರಡು ವಾರವಿತ್ತು. ಅಜ್ಜಿ ಲಕ್ಷ್ಮಮ್ಮಣ್ಣಿಯವರು ಮನೆಯ ಹಿರಿತನವನ್ನೂ ಪೂರ್ಣಯ್ಯನವರು ದಿವಾನಗಿರಿಯನ್ನೂ ವಹಿಸಿಕೊಂಡರು. ಜುಲೈ ತಿಂಗಳಲ್ಲಿ ಆದ ಒಪ್ಪಂದದ ಪ್ರಕಾರ ವರ್ಷಕ್ಕೆ 7 ಲಕ್ಷ ವರಹಗಳನ್ನು ಕಂಪನಿಗೆ ಸಲ್ಲಿಸಬೇಕಾಗಿತ್ತು; ಆಡಳಿತ ಕೆಟ್ಟರೆ ಕಂಪನಿಯು ಕೈಹಾಕಬಹುದೆಂಬ ಮಾತೂ ಅದರಲ್ಲಿ ಸೇರಿತ್ತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಪೂರ್ಣಯ್ಯನವರು 1811ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟಾಗ ಬೊಕ್ಕಸ ತುಂಬಿತ್ತು. ಯುವಕರಾದ ಅರಸರು ಕೈ ಬಿಚ್ಚಿ ಕೊಡುವವರು. ವಿದ್ವಾಂಸರು, ಗಾಯಕರು, ಚಿತ್ರಕಾರರು, ಅರಮನೆಯ ಬಾಗಿಲಿಗೆ ಬಂದವರಾರೂ ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ. ಕೆಂಪುನಾರಾಯಣನು ಮುದ್ರಾಮಂಜೂಷವೆಂಬ ಗದ್ಯಗ್ರಂಥವನ್ನು 1823ರಲ್ಲಿ ಬರೆದುದು ಇವರ ಆಶ್ರಯದಲ್ಲಿಯೇ. ಇವೆಲ್ಲ ಒಳ್ಳೆಯವೇ, ಆದರೆ ದುಡ್ಡು ತೀರಿತು. ಕಂದಾಯವನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿಂದ ರೈತರು ನೊಂದರು, ಸಿಪಾಯಿಗಳ ಸಂಬಳ ನಿಂತಿತು. 1825ರಲ್ಲಿ ಮದರಾಸಿನ ಗವರ್ನರ್ ಸರ್ ತಾಮಸ್ ಮನ್ರೋ ಮೈಸೂರಿಗೆ ಬಂದು ಅರಸರನ್ನು ಎಚ್ಚರಿಸಿ ಹೋದನು. ಆ ಮನ್ರೋ ಯಾರೆಂದು ನಮ್ಮ ಮಕ್ಕಳು ಕೇಳಬೇಕಾಗಿಲ್ಲ. ವೇಲಚೇರಿಯಿಂದ ರೈಲಿನಲ್ಲಿ ಚಿಂತಾದ್ರಿಪೇಟೆಗೆ ಹೋಗಿ ಸ್ವಲ್ಪ ನಡೆದರೆ, ದ್ವೀಪದ ಮೈದಾನದ ಬಳಿ ಜೀನಿಲ್ಲದ ಕುದುರೆಯನ್ನೇರಿ ಕುಳಿತ ಅವನ ಪ್ರತಿಮೆ ಕಾಣುತ್ತದೆ.

ಎಚ್ಚರಿಕೆ ಫಲಿಸಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಮರುವರ್ಷ, 1831ರಲ್ಲಿ, ಗವರ್ನರ್ ಜನರಲ್ ಬೆಂಟಿಂಕನು ಆಡಳಿತವನ್ನು ಕಸಿದುಕೊಂಡನು. ಅರಸರಿಗೆ ವರ್ಷಕ್ಕೆ 1 ಲಕ್ಷ ವರಹಗಳೂ ನಿವ್ವಳ ಆದಾಯದಲ್ಲಿ ಐದನೆಯ ಒಂದು ಭಾಗವೂ ಸಂದುವು, ಅರಮನೆಯೂ ಬಿರುದೂ ಉಳಿದುವು, ರಾಜ್ಯ ಹೋಯಿತು. ಕೆಲವು ಪುಸ್ತಕಗಳು ಈ ಘಟ್ಟದಲ್ಲಿ ತಪ್ಪನ್ನೆಲ್ಲ ಇಂಗ್ಲಿಷರ ಮೇಲೆ ಹೊರಿಸುತ್ತವೆ. ಅರಸರ ದುಂದನ್ನು ಮರೆಮಾಚುವುದು ನಮಗೆ ಸರಿಯೆಂದು ತೋರುವುದಿಲ್ಲ. ಆದರೆ ದಂಡನೆಯು ತಪ್ಪಿಗೆ ಮೀರಿದ್ದಾಯಿತೆಂಬುದೂ ನಿಜವೇ.

ಆಗ ಅರಸರಿಗೆ ಮೂವತ್ತೇಳು ವರ್ಷ. ಮುಂದೆ ಬದುಕಿದ ಇನ್ನೂ ಮೂವತ್ತೇಳು ವರ್ಷ ಅವರು ರಾಜ್ಯವಿಲ್ಲದ ರಾಜರಾಗಿದ್ದರು. ಚದುರಂಗದ ಹಲಗೆಗೆ ಬಿಡುವು ದೊರೆತುದು ಈ ಕಾಲದಲ್ಲಿ. ಅವರ ಹೆಸರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥದಲ್ಲಿ ಒಂಬತ್ತು ನಿಧಿಗಳಿವೆ. ಕೊನೆಯದಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಗಂಜೀಫದ ಎಲೆಗಳಿಂದ ಆಡುವ ಚದಗಳನ್ನು ಅವರು ಹಲವು ಬಗೆಯಾಗಿ ಕಲ್ಪಿಸಿದರು. ಒಂದು ಆಟಕ್ಕೆ 360 ಎಲೆಗಳು! ಚದುರಂಗದಲ್ಲಿ ಅವರ ಮನಸ್ಸು ವಿಶೇಷವಾಗಿ ಹರಿದುದು ಕುದುರೆಯ ನಡೆಯ ಕಡೆಗೆ. ಕುದುರೆಯು ಒಂದು ಮನೆಯಿಂದ ಹೊರಟು, ಹೋದ ಮನೆಗೆ ಮತ್ತೆ ಹೋಗದಂತೆ, 64 ಮನೆಗಳನ್ನೂ ಸುತ್ತಬೇಕು. ಈ ಕೌತುಕವು ನಮ್ಮ ದೇಶದ ಕವಿಗಳಿಗೆ ಬಹು ಹಿಂದೆಯೇ ಗೊತ್ತಿತ್ತು. ಕಾಂಚಿಯ ಬಳಿ ಹುಟ್ಟಿದ ವೇದಾಂತದೇಶಿಕರು ತಮ್ಮ ಪಾದುಕಾಸಹಸ್ರದಲ್ಲಿ, ಒಂದು ಶ್ಲೋಕದ ಅಕ್ಷರಗಳನ್ನು ಅರ್ಧ ಹಲಗೆಯಲ್ಲಿ ತುಂಬಿ ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕ ಬರುವಂತೆ ರಚಿಸಿದ್ದಾರೆ. ಮುಮ್ಮಡಿಯವರು ಇಂತಹ ಸುತ್ತುಗಳನ್ನು ಅನೇಕವಾಗಿ ಹೆಣೆದರು. ಅವುಗಳಲ್ಲಿ ಒಂದರ ಸೊಗಸನ್ನು ಇಲ್ಲಿ ಹೇಳಲೇಬೇಕು. ಕುದುರೆ ಮುಟ್ಟಿದ ಮನೆಗಳಿಗೆ ಕ್ರಮವಾಗಿ 1ರಿಂದ 64ರವರೆಗೆ ಅಂಕಿ ಹಾಕುತ್ತ ಹೋದರೆ, ಅಡ್ಡಸಾಲು ಯಾವುದನ್ನು ಕೂಡಿದರೂ ಉದ್ದಸಾಲು ಯಾವುದನ್ನು ಕೂಡಿದರೂ 260 ಬರುತ್ತದೆ. ಏಕೆ 260 ಎಂದರೆ, 1ರಿಂದ 64ರವರೆಗಿನ ಅಂಕಿಗಳ ಮೊತ್ತ 2080; ಅದನ್ನು ಎಂಟು ಸಾಲುಗಳಿಗೆ ಸಮನಾಗಿ ಹಂಚಬೇಕಲ್ಲವೆ? ಲಂಡನ್ನಿನಲ್ಲಿ ಬೆವರ್ಲಿ ಎಂಬವನು 1848ರಲ್ಲಿ ಇಂತಹ ಸುತ್ತೊಂದನ್ನು ಪ್ರಕಟಿಸಿದ್ದನು. ಮೈಸೂರಿನ ಅರಮನೆಯಲ್ಲಿ ಕುಳಿತವರಿಗೆ ಗಣಕಯಂತ್ರವಿರಲಿಲ್ಲ, ತಾಳ್ಮೆಯೊಂದೇ ಇತ್ತು. ಮೂಲೆಯಿಂದ ಮೂಲೆಗೆ ಹೋಗುವ ಓರೆಸಾಲುಗಳೂ 260 ಆಗುವಂತೆ ಮಾಡಲು ಸಾಧ್ಯವೇ ಇಲ್ಲವೆಂಬುದು ಖಚಿತವಾದುದು 2003ರಲ್ಲಿ, ಗಣಕಯಂತ್ರವು ಎರಡು ತಿಂಗಳು ದುಡಿದ ಮೇಲೆ. ಆಗಲೂ ಅರಸರ ಬಗೆಯ ಬೇರೆಬೇರೆ ಸುತ್ತುಗಳು ದೊರೆತುದು 140 ಮಾತ್ರ.

ಅದೇ ಕಾಲದಲ್ಲಿ ಮದರಾಸಿನಲ್ಲಿಯೂ ಒಳ್ಳೆಯ ಆಟಗಾರರಿದ್ದರು. ಗುಲಾಂ ಕಾಸಿಂ ಎಂಬವರು 1828–29ರಲ್ಲಿ ಮದರಾಸಿಗೂ ಹೈದರಾಬಾದಿಗೂ ಅಂಚೆಯ ಮೂಲಕ ನಡೆದ ಪಂದ್ಯದಲ್ಲಿ ಆಡಿ, 1829ರಲ್ಲಿ ಜೊತೆಗಾರನೊಬ್ಬನೊಡನೆ ಆಟದ ಒಂದು ಆರಂಭವನ್ನು ಕುರಿತು ಗ್ರಂಥವನ್ನೇ ಇಲ್ಲಿ ಅಚ್ಚು ಹಾಕಿಸಿದರು. ಇಷ್ಟು ಪ್ರಾಸಂಗಿಕ.

ಇನ್ನು ಅರಸರ ದೊಡ್ಡ ಆಟಕ್ಕೆ ಬರೋಣ. ಅದನ್ನು ತಿಳಿಯಲು ಆಟದ ಕೊನೆಯ ಘಟ್ಟವೊಂದನ್ನು ವಿವರಿಸಬೇಕಾಗುತ್ತದೆ. ಹಲಗೆಯ ಮುಂದೆ ಕೂರುವ ಮಕ್ಕಳು ಇದನ್ನು ಗಮನವಿಟ್ಟು ಓದಲಿ. ಒಬ್ಬನ ಒಂಟೆ ಬಿಳಿಯ ಮನೆಗಳದು, ಇನ್ನೊಬ್ಬನದು ಕರಿಯ ಮನೆಗಳದು ಎಂದುಕೊಳ್ಳಿ. ಬೇರೆ ಕಾಯಿಗಳೆಲ್ಲ ಹೋಗಿ ಒಂಟೆ ಮತ್ತು ಪದಾತಿಗಳಷ್ಟೇ ಉಳಿದರೆ ಆಟ ಬಹುಮಟ್ಟಿಗೆ ಸಮವಾಗುತ್ತದೆ. ಎರಡು ಪದಾತಿ ಹೆಚ್ಚಿಗೆ ಇದ್ದರೂ ಎಷ್ಟೋ ಸಲ ಗೆಲುವು ಸಿಗದು. ಎದುರಾಳಿಯು ತನ್ನ ಒಂಟೆಯ ಬಣ್ಣದ ಮನೆಯಲ್ಲಿ ಅಡ್ಡ ನಿಂತರೆ ನಮ್ಮ ಒಂಟೆ ಅವನನ್ನು ಎಂದಿಗೂ ಮುಟ್ಟಲಾರದು. ಆದ್ದರಿಂದ ಅನೇಕರು ಇಂತಹ ಒಂಟೆಗಳನ್ನು ಕಂಡೊಡನೆಯೇ ಕೈಕುಲುಕಿ ಏಳುತ್ತಾರೆ. ಆದರೆ ಇಬ್ಬರಲ್ಲಿಯೂ ಆನೆಗಳು ಉಳಿದಿದ್ದರೆ ಸಂಗತಿ ಬೇರೆ. ಎದುರಾಳಿಯ ರಾಜನ ಮಗ್ಗುಲಿನ ಪದಾತಿಯು ಬಿಳಿಯ ಮನೆಯಲ್ಲಿ ನಿಂತಿದೆ ಎನ್ನೋಣ. ನಮ್ಮ ಬಿಳಿಯ ಒಂಟೆಯೂ ಏಳನೆಯ ಸಾಲಿಗೆ ನುಗ್ಗಿದ ನಮ್ಮ ಆನೆಯೂ ಅದರ ಮೇಲೆ ಕಣ್ಣಿಟ್ಟಿವೆ. ಅವನ ಕರಿಯ ಒಂಟೆ ಅದನ್ನು ಕಾಯಲಾರದು, ಆ ಬಣ್ಣವೇ ಅದಕ್ಕೆ ಸೇರದು. ಕಾವಲಿಗೆ ರಾಜನೂ ಆನೆಯೂ ನಿಲ್ಲಬೇಕು. ಹಾಗೆ ನಿಂತರೆ ಅವು ಬೇರೆಡೆಗೆ ಹೋಗಲಾರವು. ನಮಗೆ ಒಂದು ಕಾಯಿ ಹೆಚ್ಚಾಗಿ ಇದ್ದಂತೆಯೇ ಸರಿ. ಆದುದರಿಂದ ಗೆಲ್ಲಬಯಸುವವನು ಆನೆಗಳನ್ನು ಬದಲಾಯಿಸಿಕೊಳ್ಳಬಾರದು. ದುಡುಕದೆ, ಒಂದು ಬದಿಯಲ್ಲಿ ಅವನನ್ನು ಕಟ್ಟಿಹಾಕಿ, ಇನ್ನೊಂದು ಬದಿಯಲ್ಲಿ ದೂರದ ಪದಾತಿಯೊಂದನ್ನು ಮೆಲ್ಲನೆ ನಡೆಸಬೇಕು.

1831ರ ಮೇಲೆ ಮೈಸೂರಿನ ಸ್ಥಿತಿಯು ಹೀಗೆಯೇ ನಿಂತ ಆಟದಂತಿತ್ತು. ಕಬ್ಬನ್ ಸಾಹೇಬನು 1834ರಿಂದ 1861ರವರೆಗೆ ಬೆಂಗಳೂರಿನಲ್ಲಿ ಕುಳಿತು ಆಳಿದನು. ಅರಸರು ಕೇಳುತ್ತ ಹೋದರು, ಕಲ್ಕತ್ತೆಯವರು ಇಲ್ಲವೆನ್ನುತ್ತ ಹೋದರು. ಕಾಲವು ಕಲ್ಕತ್ತೆಯವರ ಕಡೆಗಿತ್ತು, ಏಕೆಂದರೆ ಅರಸರಿಗೆ ಪಟ್ಟಕ್ಕೆ ಬರುವ ಗಂಡು ಸಂತಾನವಿರಲಿಲ್ಲ. ಡಾಲ್‌ಹೌಸಿಯು ದತ್ತು ಹಕ್ಕನ್ನು ಒಪ್ಪದೆ ಸತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದ್ದನು; ಈ ಅರಸರು ಕಾಲವಾದೊಡನೆ ಮೈಸೂರೂ ಕಂಪನಿಗೆ ಸೇರುವುದೆಂಬುದು 1856ರಲ್ಲಿ ಅವನು ಬರೆದಿಟ್ಟ ಅಭಿಪ್ರಾಯ. ಹಾಗಾಗಿದ್ದರೆ ಮೈಸೂರೆಂಬ ರಾಜ್ಯವೇ ನಕ್ಷೆಯಲ್ಲಿ ಇರುತ್ತಿರಲಿಲ್ಲ.

ಅರಸರಲ್ಲಿ ಸೈನ್ಯವಿರಲಿಲ್ಲ. ಉಳಿದಿದ್ದುದು 1799ರ ಒಪ್ಪಂದ ಒಂದೇ. ಅದರಲ್ಲಿ ವಂಶಸ್ಥರ ಹೆಸರಿಲ್ಲವೆಂದು ಇಂಗ್ಲಿಷರು ವಾದಿಸಿದರು; ಸೂರ್ಯಚಂದ್ರರಿರುವವರೆಗೆ ಅದು ಬಾಳತಕ್ಕದ್ದೆಂಬ ಅರ್ಥದ ಮಾತು ಅದೇ ಕಾಗದದಲ್ಲಿದೆಯೆಂದು ಅರಸರ ಕಡೆಯವರು ತೋರಿಸಿದರು. ಅವರು ಆ ಆಧಾರವನ್ನು ಕೊನೆಯವರೆಗೂ ಕೈಬಿಡಲಿಲ್ಲ. 1857ರಲ್ಲಿ ಉತ್ತರ ದೇಶವೆಲ್ಲ ಹೊತ್ತಿ ಉರಿದಾಗಲೂ ಅವರು ಇಂಗ್ಲಿಷರ ಪಕ್ಷವನ್ನೇ ಹಿಡಿದರು. ಇದನ್ನು ಇಂದು ಓದುವವರು ಮೆಚ್ಚದಿರಬಹುದು, ನಾವು ವಾದಿಸುವುದಿಲ್ಲ. ಅಂದು ಒಂದು ಹೆಜ್ಜೆ ತಪ್ಪಿದ್ದರೆ ಆ ಕಾಗದದ ಬೆಲೆ ಅಲ್ಲಿಗೇ ಮುಗಿಯುತ್ತಿತ್ತು ಎಂಬುದಂತೂ ಸ್ಪಷ್ಟ. 1861ರಲ್ಲಿ ಮತ್ತೆ ಬಿನ್ನಹ ಹೋಯಿತು, ಕ್ಯಾನಿಂಗನು ಒಪ್ಪಲಿಲ್ಲ. ಮುಂದೆ ಲಾರೆನ್ಸನೂ ಒಪ್ಪಲಿಲ್ಲ.

1865ರ ಜೂನ್ 18ರಂದು, ಯಾರ ಅಪ್ಪಣೆಗೂ ಕಾಯದೆ, ಎಪ್ಪತ್ತು ದಾಟಿದ ಅರಸರು ಚಾಮರಾಜೇಂದ್ರನೆಂಬ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಪದಾತಿಯು ಹೊರಟಿತು. ಕಲ್ಕತ್ತೆಯ ಸರ್ಕಾರವು ಆ ದತ್ತನ್ನು ರಾಜ್ಯದ ಮಟ್ಟಿಗೆ ಮಾನ್ಯ ಮಾಡಲಿಲ್ಲ. ಆದರೆ ಅರಸರ ದೃಷ್ಟಿ ಕಲ್ಕತ್ತೆಯನ್ನು ದಾಟಿ ಲಂಡನ್ನನ್ನು ಸೇರಿತ್ತು. ಅಲ್ಲಿ ಅವರ ಪರವಾಗಿ ದುಡಿಯುವವರಿದ್ದರು. ಮದರಾಸಿನ ಸೇನೆಯಲ್ಲಿದ್ದ ಮೇಜರ್ ಇವಾನ್ಸ್ ಬೆಲ್ ಎಂಬವನು ಮೈಸೂರಿನ ಹಕ್ಕನ್ನು ಸಮರ್ಥಿಸಿ ಅದೇ ವರ್ಷ ಪುಸ್ತಕವನ್ನು ಪ್ರಕಟಿಸಿದನು. ಪಾರ್ಲಿಮೆಂಟಿನವರೆಗೂ ಮಾತು ಹೋಯಿತು. ಕೊನೆಗೆ 1867ರ ಏಪ್ರಿಲ್ ತಿಂಗಳಲ್ಲಿ, ಭಾರತದ ವ್ಯವಹಾರಗಳ ಕಾರ್ಯದರ್ಶಿಯಾಗಿದ್ದ ಸರ್ ಸ್ಟಾಫರ್ಡ್ ನಾರ್ತ್‌ಕೋಟನು ಮೈಸೂರನ್ನು ಒಡೆಯರ ಮನೆತನದಲ್ಲಿಯೇ ಉಳಿಸುವುದೆಂದು ತೀರ್ಮಾನಿಸಿ, ದತ್ತುಪುತ್ರನು ಪ್ರಾಯಕ್ಕೆ ಬಂದು ಯೋಗ್ಯನೆನಿಸಿದಾಗ ಆಡಳಿತವನ್ನು ಹಿಂದಿರುಗಿಸಬೇಕೆಂದು ಬರೆದು ಕಳುಹಿಸಿದನು.

ಅರಸರು ಈ ಸುದ್ದಿಯನ್ನು ಕೇಳುವಷ್ಟು ಕಾಲ ಬದುಕಿದ್ದರು. 1868ರ ಮಾರ್ಚ್ 27ರಂದು ಮೈಸೂರಿನಲ್ಲಿ ಕಾಲವಾದರು. ತಾವು ಕಳೆದುಕೊಂಡ ಅಧಿಕಾರವು ತಮ್ಮ ಕೈಗೆ ಒಂದು ದಿನವೂ ಬರಲಿಲ್ಲ. ಅವರು 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯು ಬೆಳೆದು ಮಹಾರಾಜಾ ಕಾಲೇಜಾಯಿತು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯು ಚಿತ್ರಶಾಲೆಯಾಗಿ ನಿಂತಿದೆ. ರಜೆಗೆ ಊರಿಗೆ ಹೋಗುವ ಮಕ್ಕಳು ನೋಡಿ ಬರಬಹುದು.

ಅದೇ ವರ್ಷ ಸೆಪ್ಟೆಂಬರ್ 23ರಂದು ಐದು ವರ್ಷದ ಚಾಮರಾಜೇಂದ್ರರಿಗೆ ಪಟ್ಟವಾಯಿತು. ಹದಿಮೂರು ವರ್ಷ ಇಂಗ್ಲಿಷ್ ಅಧಿಕಾರಿಗಳೇ ಆಳಿದ ಮೇಲೆ, 1881ರ ಮಾರ್ಚ್ 25ರಂದು, ಹದಿನೆಂಟು ವರ್ಷದ ಅರಸರಿಗೆ ರಾಜ್ಯವನ್ನು ಹಿಂದಿರುಗಿಸಲಾಯಿತು. ಅವರ ಮೊದಲ ದಿವಾನರಾದ ರಂಗಾಚಾರ್ಲು ಅವರು ನಮ್ಮ ನೆರೆಯ ಚೆಂಗಲ್ಪಟ್ಟು ಸೀಮೆಯಲ್ಲಿ ಹುಟ್ಟಿ ಮದರಾಸಿನಲ್ಲಿ ಓದಿದವರು. ಇಂಗ್ಲಿಷರು ಎಲ್ಲವನ್ನೂ ಬಿಟ್ಟುಕೊಡಲಿಲ್ಲ. ಕಪ್ಪವನ್ನು 35 ಲಕ್ಷ ರೂಪಾಯಿಗಳಿಗೆ ಏರಿಸಿದರು, ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ಆ ಕಾಯಿಯು ಹಲಗೆಯಿಂದ ಎದ್ದುದು 1947ರ ಜುಲೈ ತಿಂಗಳಲ್ಲಿ.