ಚಿನ್ನದಿಂದ ಬೆಳಕಿನೆಡೆಗೆ: ದಿವಾನ್ ಶೇಷಾದ್ರಿ ಅಯ್ಯರ್

ಚಿನ್ನ ಸಿಕ್ಕ ನಾಡೆಲ್ಲ ಸಿರಿವಂತವಾಗುವುದಿಲ್ಲ. ಅಗೆಯುವ ಹಕ್ಕು ಯಾರದು, ಅಗೆದದ್ದರಲ್ಲಿ ನಾಡಿಗೆ ಉಳಿಯುವ ಪಾಲೆಷ್ಟು, ಆ ಪಾಲು ಯಾವುದಕ್ಕೆ ವಿನಿಯೋಗವಾಯಿತು ಎಂಬುದೇ ಮುಖ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರಶ್ನೆಗಳನ್ನು ಎದುರಿಸಿದವರು ಮೈಸೂರಿನ ದಿವಾನ್ ಕೆ. ಶೇಷಾದ್ರಿ ಅಯ್ಯರ್.

ಅವರು 1845ರಲ್ಲಿ ಮಲಬಾರಿನ ಪಾಲಕ್ಕಾಡು ಪ್ರದೇಶದಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಮೈಸೂರು ಸೇವೆಗೆ ಬಂದರು. 1876–78ರ ಘೋರ ಕ್ಷಾಮ ಸಂಸ್ಥಾನವನ್ನು ಹಣ್ಣುಮಾಡಿತ್ತು. 1881ರಲ್ಲಿ ಬ್ರಿಟಿಷರು ಆಡಳಿತವನ್ನು ಅರಸರಿಗೆ ಮರಳಿಸಿದಾಗ ಅದರ ಜೊತೆಗೆ ಬಂದದ್ದು ಎಂಬತ್ತು ಲಕ್ಷ ರೂಪಾಯಿ ಸಾಲ ಮತ್ತು ವರ್ಷವರ್ಷವೂ ತೆರಬೇಕಾದ ಪೊಗದಿ. 1883ರ ಆರಂಭದಲ್ಲಿ ದಿವಾನ್ ರಂಗಾಚಾರ್ಲು ತೀರಿಕೊಂಡರು. ಆ ಭಾರ ಶೇಷಾದ್ರಿ ಅಯ್ಯರ್ ಅವರ ಹೆಗಲೇರಿತು.

ಆ ಹೊತ್ತಿಗೆ ಕೋಲಾರದ ಗಣಿಗಳು ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯ ಆಡಳಿತದಲ್ಲಿದ್ದವು. ಚಿನ್ನ ಹಡಗೇರಿ ಹೋಗುತ್ತಿತ್ತು. ಸಂಸ್ಥಾನಕ್ಕೆ ರಾಜಧನವಷ್ಟೇ ದಕ್ಕುತ್ತಿತ್ತು. ನಮ್ಮ ಉಮರ್ಗಾ, ನಿಲಂಗಾ, ಉದಗೀರಗಳಿದ್ದ ನಿಜಾಮ ಸಂಸ್ಥಾನದಲ್ಲಿಯೂ 1886ರಲ್ಲಿ ಗಣಿಗಾರಿಕೆಯ ಹಕ್ಕನ್ನು ಕಂಪನಿಗೆ ಕೊಡಲಾಗಿತ್ತು. ಅಲ್ಲಿ ಷೇರು ವ್ಯವಹಾರದ ಹಗರಣವೆದ್ದು, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ವಿಚಾರಣೆ ನಡೆಸಬೇಕಾಯಿತು. ಈ ಹಿನ್ನೆಲೆಯಲ್ಲಿ ನೋಡಿದರೆ ಮೈಸೂರಿನ ದಿವಾನರ ಹೆಚ್ಚಳ ತಿಳಿಯುತ್ತದೆ. ಗಣಿಯನ್ನು ಅವರು ತಮ್ಮದಾಗಿಸಿಕೊಳ್ಳಲಾರದವರಾಗಿದ್ದರು. ಆದರೆ ಗಣಿಯ ಅಗತ್ಯವನ್ನು ನಾಡಿನ ಆದಾಯವಾಗಿ ಮಾರ್ಪಡಿಸಿದರು.

ಗಣಿಯ ಉಗಿಯಂತ್ರಗಳಿಗೆ ಸೌದೆ, ಕಲ್ಲಿದ್ದಲು ಎಷ್ಟಿದ್ದರೂ ಸಾಲದು. ಇತ್ತ ಶಿವನಸಮುದ್ರದಲ್ಲಿ ಕಾವೇರಿ ವ್ಯರ್ಥವಾಗಿ ಧುಮುಕುತ್ತಿತ್ತು. ಆ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ ಗಣಿ ಕಂಪನಿಗಳಿಗೆ ಮಾರುವ ಯೋಜನೆಯನ್ನು ಸರ್ಕಾರವೇ ಕೈಗೊಂಡಿತು. ವಿದೇಶಗಳ ವಿದ್ಯುದಾಗಾರಗಳನ್ನು ನೋಡಿಬಂದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅದನ್ನು ಕಾರ್ಯರೂಪಕ್ಕೆ ತಂದರು. ತಂತಿಮಾರ್ಗದ ಉದ್ದ ಸುಮಾರು 147 ಕಿಲೋಮೀಟರ್. ಅಷ್ಟು ದೂರದ ಸಾಗಣೆ ಆಗಿನ ಜಗತ್ತಿನಲ್ಲೇ ವಿರಳ.

ಮಾರಿಕಣಿವೆಯ ಅಣೆಕಟ್ಟು, ಬೆಂಗಳೂರಿಗೆ ಹೆಸರಘಟ್ಟದ ನೀರು, 1898ರ ಪ್ಲೇಗಿನ ಕಾಲದ ಹೊಸ ಬಡಾವಣೆಗಳಾದ ಬಸವನಗುಡಿ ಮತ್ತು ಮಲ್ಲೇಶ್ವರ ಇವೆಲ್ಲ ಅವರ ಅವಧಿಯ ಕಾರ್ಯಗಳು. 1894ರಲ್ಲಿ ಚಾಮರಾಜೇಂದ್ರ ಒಡೆಯರು ಅಕಾಲದಲ್ಲಿ ತೀರಿಕೊಂಡ ಮೇಲೆ, ರಾಜಪ್ರತಿನಿಧಿಯಾದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಅಧೀನದಲ್ಲಿಯೂ ಅವರೇ ದಿವಾನರಾಗಿ ಮುಂದುವರಿದರು.

ಕನ್ನಡ ವಿದ್ಯಾರ್ಥಿಗಳು ಮತ್ತೊಂದು ಸಂಗತಿಯನ್ನು ಗಮನಿಸಬೇಕು. 1891ರಲ್ಲಿ ಮೈಸೂರಿನಲ್ಲಿ ಪ್ರಾಚ್ಯ ಗ್ರಂಥಾಲಯ ಆರಂಭವಾಯಿತು. ಬಿ. ಎಲ್. ರೈಸರ ಶಾಸನ ಸಂಪುಟಗಳು ಬೆಳಕು ಕಂಡವು. ಪಂಪಭಾರತ ಹಾಗೂ ಕೆ. ಬಿ. ಪಾಠಕರು ಸಂಪಾದಿಸಿದ ಕವಿರಾಜಮಾರ್ಗ 1898ರಲ್ಲಿ ಅಚ್ಚಾದವು. ಕನ್ನಡನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಗುರುತಿಸಿದ ಗ್ರಂಥ ಮುದ್ರಣ ಕಂಡದ್ದು ತಮಿಳು ಮನೆಮಾತಿನ ದಿವಾನರ ಆಡಳಿತದಲ್ಲಿ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದು ಮನನಯೋಗ್ಯ.

ಅವರ ಮೇಲೆ ಆಕ್ಷೇಪಗಳೂ ಇದ್ದವು. ಉನ್ನತ ಹುದ್ದೆಗಳು ಮದರಾಸಿನವರ ಪಾಲಾಗುತ್ತಿವೆ ಎಂಬ ಅಸಮಾಧಾನ ಮೈಸೂರಿಗರಲ್ಲಿ ಬಲವಾಗಿತ್ತು. ಅದು ನಿರಾಧಾರವೂ ಆಗಿರಲಿಲ್ಲ. ಗಣಿಯ ಆಳದಲ್ಲಿ ದುಡಿದ ಕೂಲಿಗಳ ಬಾಳಿಗೂ ಆ ಸಮೃದ್ಧಿ ತಲುಪಲಿಲ್ಲ.

ಹದಿನೆಂಟು ವರ್ಷಗಳ ಸೇವೆಯ ನಂತರ, 1901ರಲ್ಲಿ, ದೇಹಾರೋಗ್ಯ ಕೆಟ್ಟು ನಿವೃತ್ತರಾದ ಅವರು ಅದೇ ಸೆಪ್ಟೆಂಬರಿನಲ್ಲಿ ನಿಧನರಾದರು. ಶಿವನಸಮುದ್ರದ ವಿದ್ಯುತ್ತು ಕೋಲಾರವನ್ನು ಮುಟ್ಟಿದ್ದು 1902ರ ಜೂನಿನಲ್ಲಿ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದವು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಚಿನ್ನಕ್ಕಾಗಿ ಹುಟ್ಟಿದ ವಿದ್ಯುತ್ತು ಚಿನ್ನಕ್ಕಿಂತ ಹೆಚ್ಚು ಕಾಲ ನಾಡಿಗೆ ಉಳಿಯಿತು.