ಸಿನಿಮಾ ನಿಷಿದ್ಧವಾಗಿದ್ದ ಮನೆಯ ಮಗ

ರಾಮನಗರದ ಬಂಡೆಗಳನ್ನು ಕಂಡರೆ ನಿಮಗೆ 'ಶೋಲೆ' ನೆನಪಾಗುತ್ತದೆಯಲ್ಲವೇ? ಅಲ್ಲಿನ ರಾಮದೇವರ ಬೆಟ್ಟದಲ್ಲಿ, ಸಾವನದುರ್ಗದಲ್ಲಿ ಇಂಗ್ಲೆಂಡಿನ ಡೇವಿಡ್ ಲೀನ್ ಕೂಡ ಚಿತ್ರೀಕರಣ ನಡೆಸಿದ್ದರು.

ಲೀನ್ ಹುಟ್ಟಿದ್ದು 1908ರಲ್ಲಿ, ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ. ತಂದೆತಾಯಿ ಕ್ವೇಕರ್ ಪಂಥದ ಕ್ರೈಸ್ತರು. ಮನೆಯಲ್ಲಿ ಸಿನಿಮಾ ನಿಷಿದ್ಧ. ಮುಂದೆ ತಂದೆ ಸಂಸಾರವನ್ನೇ ತೊರೆದರು. ಓದು ತಲೆಗೆ ಹತ್ತದ ಹುಡುಗನಿಗೆ ಆಸರೆಯಾದದ್ದು ಬಂಧುವೊಬ್ಬರು ಕೊಟ್ಟ ಪುಟ್ಟ ಕ್ಯಾಮೆರಾ. ಲೆಕ್ಕಪತ್ರದ ಕೆಲಸ ಒಗ್ಗದೆ 1927ರಲ್ಲಿ ಸ್ಟುಡಿಯೋ ಸೇರಿದರು. ಅಲ್ಲಿ ಚಹಾ ತಂದುಕೊಟ್ಟರು, ಸಂಕಲನ ಕಲಿತರು, ನಿರ್ದೇಶಕರೂ ಆದರು.

ಅವರ ಕೈಗೆ ಒಗ್ಗದ ಕಥೆಯೇ ಇರಲಿಲ್ಲವೆನ್ನಬಹುದು. 'ಬ್ರೀಫ್ ಎನ್‌ಕೌಂಟರ್' (1945) ನೋಡಿ: ರೈಲು ನಿಲ್ದಾಣದಲ್ಲಿ ಪರಪುರುಷನಿಗೆ ಮನಸೋತ ಗೃಹಿಣಿ ನೋವು ನುಂಗಿ ಮನೆಗೆ ಮರಳುತ್ತಾಳೆ. 1948ರಲ್ಲಿ ಡಿಕನ್ಸನ ಅನಾಥ ಬಾಲಕ 'ಆಲಿವರ್ ಟ್ವಿಸ್ಟ್'. 1957ರಲ್ಲಿ ಕ್ವಾಯ್ ನದಿಯ ಸೇತುವೆ, 1962ರಲ್ಲಿ ಅರಬ್ ಮರುಭೂಮಿಯ ಲಾರೆನ್ಸ್. ಈ ಕೊನೆಯ ಎರಡಕ್ಕೂ ಶ್ರೇಷ್ಠ ನಿರ್ದೇಶಕ ಆಸ್ಕರ್ ದೊರೆಯಿತು. ಗೃಹಿಣಿಯ ಮನಸ್ಸನ್ನು ಅಷ್ಟು ಬಲ್ಲವರ ಸ್ವಂತ ಬಾಳಿನಲ್ಲಿ ಮಾತ್ರ ಐದು ಮದುವೆಗಳು ಮುರಿದವು.

1970ರ 'ರಯಾನ್ಸ್ ಡಾಟರ್' ಚಿತ್ರವನ್ನು ವಿಮರ್ಶಕರು ನಿರ್ದಯವಾಗಿ ಹಳಿದರು. ನೊಂದ ಲೀನ್ ಹದಿನಾಲ್ಕು ವರ್ಷ ಒಂದು ಕಥಾಚಿತ್ರವನ್ನೂ ತೆರೆಗೆ ತರಲಿಲ್ಲ. ಆದರೆ ಸೋತು ಕೂರಲಿಲ್ಲ. ನಮ್ಮ ಬೆಟ್ಟಗಳಲ್ಲಿ ಚಿತ್ರಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' 1984ರಲ್ಲಿ ಬಂದಾಗ ಅವರಿಗೆ 76 ವರ್ಷ. 1991ರಲ್ಲಿ ತೀರಿಕೊಂಡಾಗಲೂ ಮತ್ತೊಂದು ಚಿತ್ರದ ಸಿದ್ಧತೆಯಲ್ಲಿದ್ದರು.

ನಿಮ್ಮ ಮನೆಯಲ್ಲೂ ಓದಿನಲ್ಲಿ ಹಿಂದುಳಿದ ಮಗುವಿರಬಹುದು. ಅದರ ಕೈ ಯಾವುದರತ್ತ ಚಾಚುತ್ತದೆ, ಒಮ್ಮೆ ಗಮನಿಸಿ.