ಕಾರಂತರು: ನೆಲ, ವಸ್ತು, ನಾದಗಳಲ್ಲಿ ಮೂಡಿದ ಮನುಷ್ಯರು

ಕೋಟ ಶಿವರಾಮ ಕಾರಂತರು 1902ರ ಅಕ್ಟೋಬರ್ 10ರಂದು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ಮಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವ್ಯಾಸಂಗವನ್ನು ತ್ಯಜಿಸಿದರು. ಖಾದಿ ಪ್ರಚಾರಕ್ಕಾಗಿ ಹಳ್ಳಿಗಳನ್ನು ಸುತ್ತಿದ ವರ್ಷಗಳೇ ಅವರ ನಿಜವಾದ ವಿದ್ಯಾಭ್ಯಾಸವಾದವು. ಜನ ಆಡುವ ಮಾತಿನಷ್ಟೇ ಅವರು ಬಾಳುವ ನೆಲವನ್ನೂ ಬಳಸುವ ವಸ್ತುಗಳನ್ನೂ ಅವರು ಗಮನಿಸಿದರು. ಮುಂದೆ ಪುತ್ತೂರಿನಲ್ಲಿ ನೆಲೆಸಿ ಬಾಲವನವನ್ನು ಕಟ್ಟಿದರು, ನಾಟಕ, ನೃತ್ಯ, ಛಾಯಾಗ್ರಹಣಗಳಲ್ಲಿ ಪ್ರಯೋಗ ನಡೆಸಿದರು, ಮೂಕಿಚಿತ್ರವನ್ನೂ ತಯಾರಿಸಿದರು. ಕಣ್ಣು ಕಿವಿಗಳ ಈ ಸಾಧನೆಯೇ ಅವರ ಕಾದಂಬರಿಗಳ ಪಾತ್ರನಿರ್ಮಾಣಕ್ಕೆ ಆಧಾರವಾಯಿತು.

1933ರಲ್ಲಿ ಪ್ರಕಟವಾದ 'ಚೋಮನ ದುಡಿ' ಇದಕ್ಕೆ ಮೊದಲ ದೊಡ್ಡ ನಿದರ್ಶನ. ಅಸ್ಪೃಶ್ಯನಾಗಿ ಹುಟ್ಟಿದ ಚೋಮನಿಗೆ ತುಂಡು ಗದ್ದೆಯನ್ನು ಗೇಣಿಗೆ ಪಡೆದು ಬೇಸಾಯ ಮಾಡಬೇಕೆಂಬುದೊಂದೇ ಬಯಕೆ. ಅವನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಧಣಿಯ ಎದುರು ಅವನ ಮಾತು ತೊದಲುತ್ತದೆ. ಮಾತಿಗೆ ಎಡೆಯಿಲ್ಲದ ಈ ಮನುಷ್ಯನಿಗೆ ಕಾರಂತರು ಒಂದು ವಾದ್ಯವನ್ನು ಕೊಟ್ಟರು. ಸಂತೋಷವಾದರೂ ಸಂಕಟವಾದರೂ ಅವನ ಗುಡಿಸಲಿನಿಂದ ದುಡಿಯ ಸದ್ದು ಹೊರಡುತ್ತದೆ. ಘಟ್ಟದ ತೋಟದ ಸಾಲ, ಮಗನ ಸಾವು, ಇನ್ನೊಬ್ಬನ ಮತಾಂತರ, ಮಗಳು ಬೆಳ್ಳಿಯ ಪಾಡು ಇವೆಲ್ಲ ಅವನನ್ನು ಹಂತಹಂತವಾಗಿ ಕುಗ್ಗಿಸಿದಂತೆ ದುಡಿಯ ಅರ್ಥವೂ ಬದಲಾಗುತ್ತದೆ. ಕೊನೆಗೆ ವಾದ್ಯ ನಿಂತಾಗ ಚೋಮನ ಬಾಳೂ ನಿಂತಿರುತ್ತದೆ. ಎತ್ತು ಅವನ ಆಸೆಯ ರೂಪವಾದರೆ, ದುಡಿ ಅವನ ಅಂತರಂಗದ ರೂಪ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಚೋಮನ ಸಿಟ್ಟು ದುಡಿಯ ಬಡಿತದಲ್ಲಿಯೇ ಮುಗಿದುಹೋಯಿತೇ? ಅವನಿಗೆ ಮಾತನ್ನೇ ಕೊಡಬಹುದಿತ್ತಲ್ಲವೇ? ದಲಿತ-ಬಂಡಾಯ ಸಾಹಿತ್ಯವನ್ನು ಓದಿದ ತಲೆಮಾರು ಹೀಗೆ ಕೇಳುವುದು ನ್ಯಾಯವಾದುದು. ಆದರೆ ಮೇಲ್ಜಾತಿಯಲ್ಲಿ ಹುಟ್ಟಿದ ಲೇಖಕನು ಚೋಮನ ಬಾಯಲ್ಲಿ ತನ್ನ ವಿಚಾರಗಳನ್ನು ತುಂಬಿದ್ದರೆ ನಮಗೆ ಸಿಗುತ್ತಿದ್ದುದು ಲೇಖಕನ ಭಾಷಣವೇ ಹೊರತು ಚೋಮನಲ್ಲ. ತನಗೆ ಪ್ರವೇಶವಿಲ್ಲದ ಎಡೆಯಲ್ಲಿ ಕಾರಂತರು ನಿಂತು ಕೇಳಿಸಿಕೊಂಡರು. ಆ ಸಂಯಮವು ಕಾದಂಬರಿಯ ಮಿತಿಯೂ ಹೌದು, ಅದರ ಪ್ರಾಮಾಣಿಕತೆಯೂ ಹೌದು.

ದುಡಿಯಲ್ಲಿ ನಾದವು ಮಾಡಿದ ಕೆಲಸವನ್ನು 1943ರ 'ಬೆಟ್ಟದ ಜೀವ'ದಲ್ಲಿ ಪರಿಸರವು ಮಾಡುತ್ತದೆ. ಸುಬ್ರಹ್ಮಣ್ಯದ ಕಡೆಯ ದಟ್ಟ ಕಾಡಿನ ನಡುವೆ ಅಡಕೆ ತೋಟವನ್ನು ಎಬ್ಬಿಸಿದ ಗೋಪಾಲಯ್ಯನನ್ನು ಆ ಬೆಟ್ಟಗಳಿಂದ ಬೇರ್ಪಡಿಸಿ ನೋಡಲಾಗದು. ಮನೆ ಬಿಟ್ಟು ಹೋದ ಮಗನ ದುಃಖವನ್ನು ಆತ ಹೆಚ್ಚಾಗಿ ಹೇಳಿಕೊಳ್ಳುವುದಿಲ್ಲ; ಅವನ ದುಡಿಮೆ ಮತ್ತು ಅತಿಥಿಸತ್ಕಾರಗಳ ನಡುವೆ ಅದು ತಾನಾಗಿ ಕಾಣುತ್ತದೆ. 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ವಸ್ತುವಿಗೆ ಪ್ರಾಧಾನ್ಯ. ಬಾಲ್ಯದಲ್ಲೇ ವಿಧವೆಯಾಗಿ ಬಹುಕಾಲ ಮೌನದಲ್ಲಿ ಬಾಳಿದ ಅಜ್ಜಿಯ ಕೈಗೆ ಮೊಮ್ಮಗ ಸುಬ್ಬರಾಯ ಹಳೆಯ ಕಾಲದ ವಸ್ತುಗಳನ್ನು ತಂದಿಡುತ್ತಾನೆ. ಅವುಗಳ ಸ್ಪರ್ಶದಿಂದ ಅವಳಿಗೆ ಗತಕಾಲ ಕಾಣುತ್ತದೆ; ನಮಗೆ ಅಜ್ಜಿ ಕಾಣುತ್ತಾಳೆ. ಈ ಕೃತಿಗೆ 1977ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿತು.

ಇದಕ್ಕೂ ಮೊದಲು, 1959ರಲ್ಲಿ, ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆತಿತ್ತು. ಯಕ್ಷಗಾನದಲ್ಲಿ ಚೆಂಡೆ ಮದ್ದಳೆಗಳ ಗತಿಯೂ ವೇಷದ ಬಣ್ಣವೂ ಪಾತ್ರದ ಸ್ವಭಾವವನ್ನು ಅದು ಮಾತನಾಡುವ ಮೊದಲೇ ಸೂಚಿಸುತ್ತವೆ. ಈ ಕಲೆಯ ದೀರ್ಘ ಅಧ್ಯಯನಕ್ಕೂ ಅವರ ಕಾದಂಬರಿಗಳ ಕ್ರಮಕ್ಕೂ ಒಳನಂಟಿದೆಯೆಂದು ಭಾವಿಸಲು ಅವಕಾಶವಿದೆ. 1975ರಲ್ಲಿ ಬಿ. ವಿ. ಕಾರಂತರು 'ಚೋಮನ ದುಡಿ'ಯನ್ನು ಚಲನಚಿತ್ರವಾಗಿಸಿದಾಗ ಎಂ. ವಿ. ವಾಸುದೇವರಾಯರು ಚೋಮನಾಗಿ ರಾಷ್ಟ್ರಪ್ರಶಸ್ತಿ ಪಡೆದರು. ಅದೇ ವರ್ಷ ಘೋಷಿತವಾದ ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. 1997ರ ಡಿಸೆಂಬರ್ 9ರಂದು ಅವರು ನಿಧನರಾದರು.

ಮುಂಬಯಿ ಪರಿಸರದ ವಿದ್ಯಾರ್ಥಿಗಳಿಗೆ ಈ ಬರವಣಿಗೆಯ ಪ್ರಯೋಜನ ಇನ್ನೊಂದು ಬಗೆಯದು. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಬೀಡುಬಿಟ್ಟ ಕನ್ನಡ ಕುಟುಂಬಗಳಲ್ಲಿ ಅನೇಕವು ಕಾರಂತರ ಕರಾವಳಿಯಿಂದ ಬಂದವು. ಲೋಕಲ್ ರೈಲಿನ ಸದ್ದಿನಲ್ಲಿ ಬೆಳೆದ ಮಕ್ಕಳು ದುಡಿಯನ್ನು ಕಂಡಿರಲಾರರು, ಅಡಕೆ ತೋಟದಲ್ಲಿ ನಡೆದಿರಲಾರರು. ಆದರೂ ಚೋಮ ಅವರಿಗೆ ಅಪರಿಚಿತನಲ್ಲ. ತನ್ನದೆನ್ನುವ ಒಂದಿಷ್ಟು ನೆಲಕ್ಕಾಗಿ ಹಂಬಲಿಸುವ ಮನುಷ್ಯರು ಈ ನಗರಗಳಲ್ಲಿಯೂ ಇದ್ದಾರೆ. ಅವರ ಕೋಣೆಗಳಲ್ಲಿಯೂ ಮಾತಿಗಿಂತ ಹೆಚ್ಚು ಹೇಳುವ ವಸ್ತುಗಳಿವೆ, ಸದ್ದುಗಳಿವೆ. ಮನುಷ್ಯನ ಕುರಿತು ತೀರ್ಪು ಕೊಡುವ ಮೊದಲು ಅವನ ಸುತ್ತಲಿನದನ್ನು ನೋಡಬೇಕು, ಕೇಳಬೇಕು ಎಂಬ ಶಿಸ್ತನ್ನು ಕಾರಂತರ ಬಾಳು ಮತ್ತು ಬರಹಗಳೆರಡೂ ಕಲಿಸುತ್ತವೆ.